ಸಕ್ಕರೆ ಬಟ್ಟಲಿನ ಮೇಲಿನ ಬರಹ



ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಅನೇಕ ಮನೆಗಳಲ್ಲಿ ಚಹಾದ ಮೇಜಿನ ಮೇಲೆ ಒಂದು ವಿಶೇಷ ಸಕ್ಕರೆ ಬಟ್ಟಲು ಇರುತ್ತಿತ್ತು. ಒಳಗಿರುವ ಸಕ್ಕರೆ ಈಸ್ಟ್ ಇಂಡಿಯಾದ್ದು, ಗುಲಾಮರು ತಯಾರಿಸಿದ್ದಲ್ಲ ಎಂದು ಅದರ ಮೇಲೆ ಬರೆಸಿರುತ್ತಿದ್ದರು. ಇಂದು ಕಾಫಿ, ಚಾಕೊಲೇಟು, ಉಡುಪುಗಳ ಮೇಲೆ ಕಾಣುವ ‘ನ್ಯಾಯಯುತ ವ್ಯಾಪಾರ’ದ ಮುದ್ರೆಗಳಿಗೆ ಆ ಬಟ್ಟಲನ್ನು ಪೂರ್ವಜ ಎನ್ನಬಹುದು. ಅದರ ಚರಿತ್ರೆಯಲ್ಲಿ ನಮ್ಮ ಕುಟುಂಬಗಳಿಗೆ ಭರವಸೆಯೂ ಇದೆ, ಎಚ್ಚರಿಕೆಯೂ ಇದೆ.

ಅಂದು ಬ್ರಿಟನ್ನಿಗೆ ಸಕ್ಕರೆ ಬರುತ್ತಿದ್ದುದು ಜಮೈಕಾ, ಬಾರ್ಬಡೋಸ್ ಮೊದಲಾದ ವೆಸ್ಟ್ ಇಂಡೀಸ್ ದ್ವೀಪಗಳಿಂದ. ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು ಮತ್ತು ಅವರ ಸಂತತಿಯವರು. ಈ ವ್ಯಾಪಾರ ನಿಲ್ಲಬೇಕೆಂದು ವಿಲಿಯಂ ವಿಲ್ಬರ್‌ಫೋರ್ಸ್ 1791ರಲ್ಲಿ ಮಂಡಿಸಿದ ಪ್ರಸ್ತಾಪವನ್ನು ಸಂಸತ್ತು ತಿರಸ್ಕರಿಸಿತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತ ಕಿರುಹೊತ್ತಗೆಯೊಂದನ್ನು ಪ್ರಕಟಿಸಿ ಜನರ ಮುಂದೆ ಒಂದು ಲೆಕ್ಕವನ್ನಿಟ್ಟನು. ವಾರಕ್ಕೆ 5 ಪೌಂಡು ಸಕ್ಕರೆಯನ್ನೂ ಅದಕ್ಕೆ ತಕ್ಕಷ್ಟು ರಮ್ ಮದ್ಯವನ್ನೂ ಬಳಸುವ ಕುಟುಂಬವು 21 ತಿಂಗಳು ಅವನ್ನು ತ್ಯಜಿಸಿದರೆ, ಒಬ್ಬ ಮನುಷ್ಯನು ಗುಲಾಮಗಿರಿಯಿಂದ ಇಲ್ಲವೇ ಕೊಲೆಯಿಂದ ಉಳಿಯುತ್ತಾನೆ! ಕೊಳ್ಳುವವನೂ ಆ ಪಾಪದಲ್ಲಿ ಪಾಲುದಾರ ಎಂಬುದು ಆತನ ವಾದದ ತಿರುಳು.

ಈ ಮಾತು ಮನೆಮನೆಗೂ ಮುಟ್ಟಿತು. ಸುಮಾರು ಮೂರು ಲಕ್ಷ ಜನ ಆ ಸಕ್ಕರೆಯನ್ನು ತ್ಯಜಿಸಿದರೆಂದು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದನು. ಸ್ತ್ರೀಯರಿಗೆ ಮತದಾನದ ಹಕ್ಕಿರಲಿಲ್ಲ. ಆದರೆ ಮನೆಗೆ ಯಾವ ಸಕ್ಕರೆ ಬರಬೇಕೆಂಬುದು ಅವರ ಕೈಯಲ್ಲಿತ್ತು. 1807ರಲ್ಲಿ ಗುಲಾಮರ ವ್ಯಾಪಾರ ನಿಷೇಧವಾಯಿತು, ಗುಲಾಮಗಿರಿ ಮಾತ್ರ ಉಳಿಯಿತು. 1824ರಲ್ಲಿ ಎಲಿಜಬೆತ್ ಹೇರಿಕ್ ಎಂಬ ಮಹಿಳೆ, ಬಿಡುಗಡೆ ಹಂತಹಂತವಾಗಿ ಅಲ್ಲ, ಕೂಡಲೇ ಆಗಬೇಕೆಂದು ಬರೆದಳು. ಲೆಸ್ಟರ್ ನಗರದಲ್ಲಿ ಮನೆಮನೆಗೆ ಹೋಗಿ ಸಕ್ಕರೆ ಬಿಡುವಂತೆ ಬೇಡಿದಳು. ಕೊನೆಗೆ 1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾನೂನು ಬಂದಿತು. ಇದು ಭರವಸೆಯ ಭಾಗ.

ಎಚ್ಚರಿಕೆಯ ಭಾಗವನ್ನೂ ಓದೋಣ. ಆ ಕಾನೂನು 2 ಕೋಟಿ ಪೌಂಡು ಪರಿಹಾರವನ್ನು ನೀಡಿತು. ಯಾರಿಗೆ? ಗುಲಾಮರ ಒಡೆಯರಿಗೆ! ತಲೆಮಾರುಗಳ ಕಾಲ ಕೂಲಿಯಿಲ್ಲದೆ ದುಡಿದವರಿಗೆ ಒಂದು ಕಾಸೂ ದೊರೆಯಲಿಲ್ಲ. ಈ ಹಣಕ್ಕಾಗಿ 1835ರಲ್ಲಿ ರಾಥ್‌ಚೈಲ್ಡ್ ಮತ್ತು ಮಾಂಟೆಫಿಯೋರ್ ಎಂಬ ಧನಿಕರ ಮೂಲಕ ಸರ್ಕಾರ 1.5 ಕೋಟಿ ಪೌಂಡು ಸಾಲವೆತ್ತಿತು. ಆ ಸಾಲದ ಬಾಕಿ ಪೂರ್ಣವಾಗಿ ತೀರಿದ್ದು 2015ರಲ್ಲಿ. ಗುಲಾಮರ ವಂಶಜರಾದ ಬ್ರಿಟನ್ ನಿವಾಸಿಗಳೂ ತಮ್ಮ ತೆರಿಗೆಯಿಂದ ಅದನ್ನು ತೀರಿಸಿದರು.

ಬಟ್ಟಲಿನ ಮೇಲಿನ ಬರಹವಾದರೂ ಎಷ್ಟು ಸತ್ಯ? 1833ರ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ವಿನಾಯಿತಿ ನೀಡಿತ್ತು. ಅಲ್ಲಿಯೂ ಜೀತವಿತ್ತು, ಅದಕ್ಕಿದ್ದ ಕಾನೂನಿನ ಮಾನ್ಯತೆ ಹೋದದ್ದು 1843ರಲ್ಲಿ. ಬಟ್ಟಲಿನ ಮೇಲೆ ಬರೆಸಿದವರ ಮನಸ್ಸು ಒಳ್ಳೆಯದೇ. ಆದರೆ ದುಡಿದವರನ್ನು ಯಾರೂ ಕೇಳಿರಲಿಲ್ಲ. ಇತ್ತ ಗುಲಾಮರ ಬದಲಿಗೆ ಬೇರೆ ಕೈಗಳು ಬೇಕಾದವು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗು 36 ಮಂದಿ ಭಾರತೀಯ ಕೂಲಿಗಳನ್ನು ಕರಾರಿನ ಮೇಲೆ ಮಾರಿಷಸ್‌ಗೆ ತಲುಪಿಸಿತು. ಅವರ ಹಿಂದೆ ಲಕ್ಷಾಂತರ ಮಂದಿ ಹೋದರು.

ಇದೆಲ್ಲ ಹಳೆಯ ಕಥೆ ಎನ್ನುವಿರಾ? 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ಕೆಲವು ಉಡುಪು ಕಾರ್ಖಾನೆಗಳು ತಪಾಸಣೆಯ ಪತ್ರ ಪಡೆದಿದ್ದವು. ಹಿಂದಿನ ದಿನ ಗೋಡೆ ಬಿರುಕು ಬಿಟ್ಟಾಗ ಕೆಳಗಿದ್ದ ಬ್ಯಾಂಕು ಮತ್ತು ಅಂಗಡಿಗಳು ಮುಚ್ಚಿದವು. ಹೊಲಿಯುವವರನ್ನು ಮಾತ್ರ ಮರಳಿ ಕೆಲಸಕ್ಕೆ ಕರೆಯಲಾಯಿತು. ಆ ದುರಂತದ ನಂತರ ಕಾರ್ಮಿಕ ಸಂಘಗಳೂ ವಿದೇಶಿ ಕಂಪನಿಗಳೂ ಕೂಡಿ ಸಹಿ ಮಾಡಿದ ಒಪ್ಪಂದವು ಕಾನೂನುಬದ್ಧವಾಗಿತ್ತು. ಅಪಾಯದ ಕಟ್ಟಡದೊಳಗೆ ಹೋಗಲು ನಿರಾಕರಿಸುವ ಹಕ್ಕನ್ನು ಅದು ಕಾರ್ಮಿಕರಿಗೆ ನೀಡಿತು. ಸಕ್ಕರೆ ಬಟ್ಟಲಿನ ಬರಹದಲ್ಲಿ ಇಲ್ಲದಿದ್ದುದು ಇದೇ: ದುಡಿಯುವವರ ಬಾಯಿಮಾತು.

ನಾವು ಈ ಸರಪಳಿಯ ಎರಡೂ ತುದಿಗಳಲ್ಲಿದ್ದೇವೆ. ವಿದೇಶದ ಅಂಗಡಿಗಳಿಗೆ ಹೋಗುವ ಉಡುಪುಗಳನ್ನು ಹೊಲಿಯಲು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಓಡುವ ಹೆಣ್ಣುಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತುಟ್ಟಿಭತ್ಯೆಯ ಏರಿಕೆ, ತಿಂಗಳಿಗೆ 417 ರೂಪಾಯಿ, ರಾಜ್ಯದ ಅನೇಕ ಕಾರ್ಖಾನೆಗಳಲ್ಲಿ ಬಹುಕಾಲ ದೊರೆಯಲಿಲ್ಲ. ಸಂಘಟನೆಗಳ ದೂರು, ಉಚ್ಚ ನ್ಯಾಯಾಲಯದ ಆದೇಶ, ವಿದೇಶಿ ಖರೀದಿದಾರರ ಒತ್ತಡ ಇವು ಕೂಡಿದ ಬಳಿಕವೇ 2022ರಲ್ಲಿ ಬಾಕಿ ಬರತೊಡಗಿತು.

ಆದುದರಿಂದ, ಪ್ರಿಯರೇ, ಮುಂದಿನ ಹಬ್ಬಕ್ಕೆ ಹೊಸ ಬಟ್ಟೆ ಕೊಳ್ಳುವಾಗ ಬೆಲೆಯ ಚೀಟಿಯ ಜೊತೆಗೆ ಇದನ್ನೂ ಯೋಚಿಸಿರಿ: ಇದನ್ನು ಹೊಲಿದವಳಿಗೆ ಸಲ್ಲಬೇಕಾದುದು ಸಂದಿದೆಯೇ? ಬೇಡವೆನ್ನುವ ಸ್ವಾತಂತ್ರ್ಯ ಅವಳಿಗಿದೆಯೇ? ನೆರೆಮನೆಯಲ್ಲಿ ಅಂಥವಳೊಬ್ಬಳಿದ್ದರೆ, ಮೊದಲು ಅವಳನ್ನೇ ಕೇಳಿರಿ.