ರಾಣಿ ತೊಟ್ಟ ಹತ್ತಿಬಟ್ಟೆ



ಹತ್ತಿ ಸೀರೆ ಉಟ್ಟು ಮದುವೆಗೆ ಹೊರಟ ಸೊಸೆಯನ್ನು ‘ರೇಷ್ಮೆ ಇಲ್ಲವೇನಮ್ಮ?’ ಎಂದು ಕೇಳುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. 1783ರಲ್ಲಿ ಪ್ಯಾರಿಸ್ಸಿನ ಜನ ತಮ್ಮ ರಾಣಿಯನ್ನೇ ಹೀಗೆ ಆಡಿಕೊಂಡರು. ಕಾರಣ, ಒಂದು ತೈಲಚಿತ್ರ.

ಆಕೆ ದೊರೆ ಹದಿನಾರನೇ ಲೂಯಿಯ ಪತ್ನಿ ಮಾರಿ ಆಂಟೊನೆಟ್. ಚಿತ್ರ ಬರೆದಾಕೆ ಎಲಿಸಬೆತ್ ವಿಜೆ ಲೆ ಬ್ರ್ಯೂನ್. ಇಬ್ಬರೂ 1755ರಲ್ಲಿ ಹುಟ್ಟಿದವರು. ಅರಮನೆಯ ಚಿತ್ರವೆಂದರೆ ರೊಕೊಕೊ ಶೈಲಿ: ತಿಳಿಬಣ್ಣ, ರೇಷ್ಮೆಯ ಹೊಳಪು, ರಿಬ್ಬನ್ನು, ಹೂವು. ಇಲ್ಲಿಯೂ ರಿಬ್ಬನ್ನಿದೆ, ಕೈಯಲ್ಲಿ ಗುಲಾಬಿಯಿದೆ. ಆದರೆ ತಲೆಗೆ ಹುಲ್ಲಿನ ಟೋಪಿ, ಮೈಗೆ ಬಿಳಿ ಮಸ್ಲಿನ್ ನಿಲುವಂಗಿ. ಒಡವೆಯಿಲ್ಲ, ಕಿರೀಟವಿಲ್ಲ.

ರಾಣಿಯನ್ನು ಒಳಉಡುಪಿನಲ್ಲಿ ನಿಲ್ಲಿಸಿದ್ದಾರೆ ಎಂದು ಗುಲ್ಲೆದ್ದಿತು. ಹೊಟ್ಟೆಪಾಡಿನ ಮಾತೂ ಅದರಲ್ಲಿ ಸೇರಿತ್ತು. ಲಿಯಾನ್ ನಗರದ ಸಾವಿರಾರು ಮಂದಿ ರೇಷ್ಮೆ ಮಗ್ಗವನ್ನೇ ನಂಬಿದ್ದರು. ನೇಕಾರರನ್ನು ಕಾಯಲೆಂದು ಫ್ರಾನ್ಸ್ 1686ರಿಂದ 1759ರವರೆಗೆ ಭಾರತದ ಅಚ್ಚಿನ ಹತ್ತಿಬಟ್ಟೆಯನ್ನು ನಿಷೇಧಿಸಿತ್ತು. ಈಗ ರಾಣಿಯೇ ಹತ್ತಿ ತೊಟ್ಟರೆ ರೇಷ್ಮೆ ಕೊಳ್ಳುವವರು ಯಾರು? ಸೊಲ್ಲಾಪುರದ ಮಗ್ಗಗಳನ್ನು ಬಲ್ಲ ನಿಮಗೆ ಈ ಚಿಂತೆ ಹೊಸದಲ್ಲ.

ಚಿತ್ರವನ್ನು ಪ್ರದರ್ಶನದಿಂದ ಇಳಿಸಿದರು. ಕಲಾವಿದೆ ಬೇಗನೆ ಇನ್ನೊಂದನ್ನು ಬರೆದಳು. ಅದೇ ಮುಖ, ಅದೇ ಗುಲಾಬಿ. ಉಡುಪು ಮಾತ್ರ ನೀಲಿ ರೇಷ್ಮೆ, ಕೊರಳಿಗೆ ಮುತ್ತು. ಈ ಎರಡನೆಯದು ವರ್ಸೇಲ್ಸ್ ಅರಮನೆಯಲ್ಲಿದೆ, ಮೊದಲನೆಯದು ಜರ್ಮನಿಯಲ್ಲಿದೆ.

ಇನ್ನೊಂದು ಸಂಗತಿ ಕೇಳಿ. 1788ರಲ್ಲಿ ಮೈಸೂರಿನ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಬ್ರಿಟಿಷರ ವಿರುದ್ಧ ನೆರವು ಕೋರಿ ಫ್ರಾನ್ಸ್ ತಲುಪಿದರು. ಅವರಲ್ಲಿ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದವಳೂ ಇದೇ ವಿಜೆ ಲೆ ಬ್ರ್ಯೂನ್. ಅವನು ತೊಟ್ಟದ್ದೂ ಮಸ್ಲಿನ್ನೇ, ಚಿನ್ನದ ಹೂವಿನ ಬಿಳಿ ಮಸ್ಲಿನ್. 1789ರಲ್ಲಿ ಅದನ್ನೂ ಪ್ರದರ್ಶನಕ್ಕಿಟ್ಟರು. ನೋಡಿ, ನಮ್ಮ ನಾಡಿನ ರಾಯಭಾರಿಗೆ ಗಾಂಭೀರ್ಯ ತಂದ ಬಟ್ಟೆ ಅಲ್ಲಿಯ ರಾಣಿಗೆ ಅವಮಾನ ತಂದಿತು.

1793ರ ಅಕ್ಟೋಬರ್ 16ರಂದು ಆಕೆಯನ್ನು ಗಿಲೊಟಿನ್ನಿಗೆ ಒಯ್ದಾಗ ಮೈಮೇಲಿದ್ದದ್ದು ಸಾದಾ ಬಿಳಿ ಉಡುಪು.

ಬ್ಯಾಂಕಿನ ಕಿಟಕಿಯ ಹಿಂದೆ ಕೂತು ವರ್ಷಗಟ್ಟಲೆ ಜನರನ್ನು ನೋಡಿದವನು ನಾನು. ಜರಿ ಪಂಚೆಯವನ ಖಾತೆ ಬರಿದಾಗಿ, ತೇಪೆ ಅಂಗಿಯವನ ಖಾತೆ ತುಂಬಿದ್ದುದುಂಟು. ಲಿಯಾನ್ ನೇಕಾರರ ಅಳಲು ನ್ಯಾಯವೇ. ಆ ಅಳಲಿನ ಹೊಣೆಯನ್ನೆಲ್ಲ ಒಬ್ಬ ಹೆಂಗಸಿನ ಅಂಗಿಗೆ ಕಟ್ಟಿದ್ದು ನ್ಯಾಯವೇ? ಮುಂದಿನ ಮದುವೆಯಲ್ಲಿ ಯಾರದಾದರೂ ಸೀರೆಯ ಮಾತು ಬಂದಾಗ ನೀವೇ ಯೋಚಿಸಿ ನೋಡಿ.