ಪ್ಲೈವುಡ್ಡೋ, ಫೋಮೋ? ಸಣ್ಣ ದೋಣಿಯ ಹಿಂದಿನ ಇತಿಹಾಸ

ಸಣ್ಣದೊಂದು ದೋಣಿಯನ್ನು ಸ್ವಂತ ಕೈಯಿಂದ ಕಟ್ಟಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು: ಒಡಲನ್ನು ಪ್ಲೈವುಡ್ಡಿನಿಂದ ಮಾಡುವುದೋ, ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಫೋಮ್ ಇಟ್ಟು ಮಾಡುವುದೋ? ಯಾವುದು ಹಗುರ, ಯಾವುದು ಗಟ್ಟಿ ಎಂಬ ಲೆಕ್ಕದಲ್ಲೇ ಈ ಚರ್ಚೆ ಸಾಮಾನ್ಯವಾಗಿ ಮುಗಿದುಬಿಡುತ್ತದೆ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದ ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೊಂದು ಸಂಗತಿ. ದೋಣಿಯನ್ನು ಕಟ್ಟುವವರು ಯಾರು? ಒಡೆದಾಗ ದುರಸ್ತಿ ಮಾಡುವವರು ಯಾರು?

ತೆಳುವಾದ ಮರದ ಹಾಳೆಗಳನ್ನು ಎಳೆಗಳು ಅಡ್ಡಡ್ಡ ಬರುವಂತೆ ಅಂಟಿಸಿದರೆ ಹಲಗೆ ಸುಲಭವಾಗಿ ಸೀಳುವುದಿಲ್ಲ. ಇದು ಹಳೆಯ ತಿಳಿವಳಿಕೆ. ಆದರೆ ನೀರು ತಾಗಿದರೆ ಅಂಟು ಬಿಡುತ್ತಿತ್ತು. 1934ರಲ್ಲಿ ಅಮೆರಿಕದ ಹಾರ್ಬರ್ ಪ್ಲೈವುಡ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಜೇಮ್ಸ್ ನೆವಿನ್ ಜಲನಿರೋಧಕ ಅಂಟನ್ನು ಸಿದ್ಧಪಡಿಸಿದ ಮೇಲೆ ಪ್ಲೈವುಡ್ಡಿಗೆ ನೀರಿನ ದಾರಿ ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕೆ ಇಳಿಸಿದ ಹಿಗ್ಗಿನ್ಸ್ ದೋಣಿಗಳಲ್ಲಿ ಪ್ಲೈವುಡ್ ಬಳಕೆಯಾಯಿತು. ಅಂತಹವು 20,000ಕ್ಕೂ ಹೆಚ್ಚು ತಯಾರಾದವು.

ಯುದ್ಧಾನಂತರ ಈ ಹಲಗೆ ಸಾಮಾನ್ಯರ ಮನೆಯಂಗಳಕ್ಕೆ ಬಂದಿತು. 1963ರಲ್ಲಿ ಬ್ರಿಟನ್ನಿನ ಡೈಲಿ ಮಿರರ್ ಪತ್ರಿಕೆಯ ಬೆಂಬಲದಿಂದ ‘ಮಿರರ್’ ಎಂಬ ಹಾಯಿದೋಣಿ ಹೊರಬಂದಿತು. ವಿನ್ಯಾಸ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಅವರದು. ಬಕ್ನೆಲ್ ಅವರು ಮನೆಗೆಲಸಗಳನ್ನು ಸ್ವತಃ ಮಾಡಿಕೊಳ್ಳುವುದನ್ನು ದೂರದರ್ಶನದಲ್ಲಿ ಕಲಿಸುತ್ತಿದ್ದವರು. ಕತ್ತರಿಸಿದ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಮತ್ತು ರಾಳವನ್ನು ಹಚ್ಚುವುದು ಅದರ ಕ್ರಮ. ಕೆನ್ ಲಿಟಲ್‌ಡೈಕ್ ಎಂಬವರು ಪುಟ್ಟ ಹುಟ್ಟುದೋಣಿಗಳಿಗಾಗಿ ರೂಪಿಸಿದ್ದ ವಿಧಾನವಿದು. ಆರಂಭದ ಬೆಲೆ 63 ಪೌಂಡ್ 11 ಷಿಲಿಂಗ್. ನುರಿತ ಬಡಗಿಯ ಕೌಶಲವಿಲ್ಲದವರೂ ದೋಣಿಯ ಒಡೆಯರಾದರು. ಮುಂದೆ ಅವುಗಳ ಸಂಖ್ಯೆ 70,000ವನ್ನು ದಾಟಿತು.

ಇನ್ನು ಫೋಮಿನ ಕಥೆ. ರಟ್ಟಿನ ಪೆಟ್ಟಿಗೆಯ ಅಂಚನ್ನು ನೋಡಿರಿ: ಎರಡು ತೆಳು ಕಾಗದಗಳು, ನಡುವೆ ಅಲೆಯಲೆಯಾದ ಇನ್ನೊಂದು. ಹೊರಪದರಗಳನ್ನು ಪರಸ್ಪರ ದೂರವಿರಿಸಿದಷ್ಟೂ ಹಲಗೆ ಬಾಗುವುದು ಕಡಿಮೆ; ನಡುವಿನ ತಿರುಳು ಹಗುರವಾಗಿದ್ದರೂ ಸಾಕು. 1940ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಮಸ್ಕೀಟೋ ವಿಮಾನದ ಒಡಲು ಇದೇ ತತ್ತ್ವದ್ದು. ಪ್ಲೈವುಡ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರ. 1958ರಲ್ಲಿ ಅಮೆರಿಕದ ರಿಚರ್ಡ್ ಫಿಷರ್ ಮತ್ತು ವಿನ್ಯಾಸಕ ರೇಮಂಡ್ ಹಂಟ್ ತಂದ ‘ಬೋಸ್ಟನ್ ವೇಲರ್’ ದೋಣಿಯಲ್ಲಿ ಬಾಲ್ಸಾದ ಜಾಗಕ್ಕೆ ಫೋಮ್ ಬಂದಿತು. 1961ರಲ್ಲಿ ಲೈಫ್ ಪತ್ರಿಕೆಯಲ್ಲಿ ಪ್ರಕಟವಾದ ಚಿತ್ರಗಳು ಜಗತ್ಪ್ರಸಿದ್ಧ: ದೋಣಿಯನ್ನು ಗರಗಸದಿಂದ ಎರಡು ತುಂಡು ಮಾಡಿದರೂ ಫಿಷರ್ ಅವರು ಕುಳಿತ ಅರ್ಧ ಮುಳುಗಲಿಲ್ಲ!

ಹಾಗಾದರೆ ಫೋಮೇ ಶ್ರೇಷ್ಠವೇ? ಅಚ್ಚು, ಯಂತ್ರ, ಅಳತೆಗೆ ತಕ್ಕ ರಾಸಾಯನಿಕಗಳಿರುವ ಕಾರ್ಖಾನೆಯಲ್ಲಿ ಹೌದೆನ್ನಬಹುದು. ಆದರೆ ಹೊರಪದರದ ಬಿರುಕಿನಿಂದ ಒಳಹೊಕ್ಕ ನೀರು ಕಣ್ಣಿಗೆ ಕಾಣುವುದಿಲ್ಲ. ತಿರುಳು ನೆನೆದು ಭಾರವಾಗುತ್ತದೆ, ಪದರ ಬಿಡುತ್ತದೆ. ಪ್ಲೈವುಡ್ಡಿಗೂ ಶತ್ರು ನೀರೇ. ಅಂಚುಗಳನ್ನು ರಾಳದಿಂದ ಮುಚ್ಚದಿದ್ದರೆ ಕೊಳೆಯುತ್ತದೆ. ಆದರೆ ಕೊಳೆತ ಭಾಗವನ್ನು ಕತ್ತರಿಸಿ ತೇಪೆ ಹಾಕುವ ಕೆಲಸ ಸಾಮಾನ್ಯ ಬಡಗಿಗೂ ಸಾಧ್ಯ.

ಇದರ ಮಹತ್ವ ನಮ್ಮ ದಕ್ಷಿಣದ ಕಡಲತೀರದಲ್ಲೂ ಕಂಡಿದೆ. ದೋಣಿ ಕೊರೆಯುವ ದೊಡ್ಡ ಮರಗಳು ಅಪರೂಪವೂ ದುಬಾರಿಯೂ ಆದಾಗ, 1980ರ ದಶಕದ ಆರಂಭದಲ್ಲಿ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಬೆಲ್ಜಿಯಂ ದೇಶದ ಪಿಯರ್ ಜಿಲೆ ಅವರ ಮಾರ್ಗದರ್ಶನದಲ್ಲಿ ಮೀನುಗಾರರಿಗಾಗಿ ಪ್ಲೈವುಡ್ ದೋಣಿಗಳು ಸಿದ್ಧವಾದವು. ಬ್ರಿಟನ್ನಿನಲ್ಲಿ ರಜೆಯ ವಿನೋದಕ್ಕೆ ಬಳಸಿದ ಹಲಗೆ ಇಲ್ಲಿ ಹೊಟ್ಟೆಪಾಡಿನ ಸಾಧನವಾಯಿತು. ಮೀನುಗಾರನ ದೋಣಿ ದಡದಲ್ಲಿ ಕುಳಿತ ದಿನ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. ಆದುದರಿಂದ ಊರಿನಲ್ಲೇ ದುರಸ್ತಿಯಾಗುವುದೆಂದರೆ ಬದುಕಿನ ಭದ್ರತೆಯೇ ಸರಿ.

ನನ್ನ ಅಭಿಪ್ರಾಯವಿಷ್ಟು: ಮನೆಯಲ್ಲಿ ಒಂದೇ ದೋಣಿ ಕಟ್ಟುವವರಿಗೆ ಪ್ಲೈವುಡ್ಡೇ ಯೋಗ್ಯ. ನಮ್ಮಲ್ಲಿ ಐ.ಎಸ್. 710 ಮುದ್ರೆಯ ಮರೈನ್ ಪ್ಲೈವುಡ್ ದೊರೆಯುತ್ತದೆ. ಅದರ ಅಂಟು 72 ಗಂಟೆ ಕುದಿನೀರಿನ ಪರೀಕ್ಷೆಯನ್ನು ತಾಳಬೇಕೆಂಬ ನಿಯಮವಿದೆ. ಫೋಮನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಆಸನಗಳ ಕೆಳಗೆ ಭದ್ರವಾಗಿ ಮುಚ್ಚಿದ ಕೋಣೆಗಳಲ್ಲಿ ಅದನ್ನು ತುಂಬಿಟ್ಟರೆ, ದೋಣಿ ಮಗುಚಿದರೂ ತೇಲುತ್ತಿರುತ್ತದೆ.