ಸೂಪರ್‌ಹೀರೊ ಚಲನಚಿತ್ರಗಳಲ್ಲಿ ಸ್ಥಳಸೂಚಕ ಸಂಗೀತ

ಸ್ಥಳಸೂಚಕ ಸಂಗೀತ ಎಂಬುದು ಚಲನಚಿತ್ರವೊಂದರ ಹಿನ್ನೆಲೆ ಸಂಗೀತದಲ್ಲಿ ನಿರ್ದಿಷ್ಟ ಊರು, ರಾಜ್ಯ ಅಥವಾ ಲೋಕವನ್ನು ಗುರುತಿಸಲು ಬಳಸುವ ಧಾಟಿಯಾಗಿದೆ. ಸೂಪರ್‌ಹೀರೊ ಚಿತ್ರಗಳಲ್ಲಿ ನಾಯಕನ ಧಾಟಿಯೇ ಸಾಮಾನ್ಯವಾಗಿ ಹೆಚ್ಚು ಪ್ರಸಿದ್ಧವಾಗಿರುತ್ತದೆ. ಆದರೆ ಈ ಕಥೆಗಳು ಬಹುಮಟ್ಟಿಗೆ ಭೂಪಟದಲ್ಲಿಲ್ಲದ ಸ್ಥಳಗಳಲ್ಲಿ ನಡೆಯುತ್ತವೆ. ಅಂತಹ ಸ್ಥಳಕ್ಕೆ ಚರಿತ್ರೆಯಿದೆ, ಜನರಿದ್ದಾರೆ, ಅದು ಉಳಿಯಬೇಕಾದ ನಾಡು ಎಂಬ ಭಾವನೆಯನ್ನು ಕೆಲವೇ ನಿಮಿಷಗಳಲ್ಲಿ ಮೂಡಿಸುವ ಹೊಣೆ ಅನೇಕ ವೇಳೆ ಸಂಗೀತ ಸಂಯೋಜಕನ ಮೇಲೆ ಬೀಳುತ್ತದೆ. ಕ್ರಿಪ್ಟಾನ್, ಆಸ್‌ಗಾರ್ಡ್, ಥೆಮಿಸ್ಕಿರಾ ಮತ್ತು ವಕಾಂಡ ಇದಕ್ಕೆ ಪ್ರಮುಖ ಉದಾಹರಣೆಗಳು.

ಹಿನ್ನೆಲೆ

ವ್ಯಕ್ತಿ, ವಸ್ತು ಅಥವಾ ಸ್ಥಳಕ್ಕೆ ಒಂದು ಸ್ವರಗುಚ್ಛವನ್ನು ಮೀಸಲಿಟ್ಟು ಅದನ್ನು ಸಂದರ್ಭಾನುಸಾರ ಮತ್ತೆ ಮತ್ತೆ ತರುವ ಕ್ರಮಕ್ಕೆ ಲೈಟ್‌ಮೋಟಿಫ್ ಎಂದು ಹೆಸರು. ಜರ್ಮನಿಯ ರಿಚರ್ಡ್ ವಾಗ್ನರ್ ತನ್ನ ಸಂಗೀತ ನಾಟಕಗಳಲ್ಲಿ ಇದನ್ನು ವ್ಯಾಪಕವಾಗಿ ಬಳಸಿದನು. 1869ರಲ್ಲಿ ಮ್ಯೂನಿಕ್‌ನಲ್ಲಿ ಮೊದಲು ಪ್ರದರ್ಶನಗೊಂಡ 'ದಾಸ್ ರೈನ್‌ಗೋಲ್ಡ್' ನಾಟಕದಲ್ಲಿ ದೇವತೆಗಳ ಕೋಟೆಯಾದ ವಾಲ್ಹಾಲಕ್ಕೆ ಹಿತ್ತಾಳೆ ವಾದ್ಯಗಳ ಗಂಭೀರವಾದ ಧಾಟಿಯೊಂದಿದೆ. ವಾಲ್ಹಾಲವು ನಾರ್ಸ್ ಪುರಾಣದ ಪ್ರಕಾರ ಆಸ್‌ಗಾರ್ಡ್‌ನಲ್ಲಿಯೇ ಇರುವುದರಿಂದ, ಥಾರ್ ಚಿತ್ರಗಳ ಸಂಯೋಜಕರು ವಾಗ್ನರ್ ಒಮ್ಮೆ ನಡೆದ ನೆಲದಲ್ಲಿಯೇ ನಡೆಯಬೇಕಾಯಿತು.

ಕ್ರಿಪ್ಟಾನ್

ರಿಚರ್ಡ್ ಡಾನರ್ ನಿರ್ದೇಶನದ 'ಸೂಪರ್‌ಮ್ಯಾನ್' (1978) ಚಿತ್ರಕ್ಕೆ ಜಾನ್ ವಿಲಿಯಮ್ಸ್ ಸಂಗೀತ ನೀಡಿದರು. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಅದನ್ನು ನುಡಿಸಿತು. ಕ್ರಿಪ್ಟಾನ್ ಗ್ರಹದ ಧಾಟಿಯು ತಗ್ಗಿದ ದನಿಯಲ್ಲಿ ಆರಂಭವಾಗಿ, ಹಂತಹಂತವಾಗಿ ಏರುತ್ತಾ ಹಿತ್ತಾಳೆ ವಾದ್ಯಗಳ ಮಹಾಘೋಷವಾಗಿ ಪರಿಣಮಿಸುತ್ತದೆ. ಇದನ್ನು ರಿಚರ್ಡ್ ಸ್ಟ್ರೌಸ್‌ನ 'ಆಲ್ಸೊ ಸ್ಪ್ರಾಕ್ ಜರತುಸ್ತ್ರ' ಕೃತಿಯ ಪ್ರಾರಂಭದೊಂದಿಗೆ ಹೋಲಿಸುವುದು ವಾಡಿಕೆ. ಗ್ರಹವು ಚಿತ್ರದ ಮೊದಲ ಭಾಗದಲ್ಲಿಯೇ ನಾಶವಾದರೂ ಧಾಟಿ ನಾಶವಾಗುವುದಿಲ್ಲ. ಮುಂದೆ ಉತ್ತರ ಧ್ರುವದ ಹಿಮದಲ್ಲಿ ಹರಳುಗಳಿಂದ ಏಕಾಂತ ಕೋಟೆ ಮೇಲೇಳುವಾಗ ಅದು ಮರಳಿ ಕೇಳಿಬರುತ್ತದೆ. ತಾನು ಕಂಡೂ ನೆನಪಿಲ್ಲದ ತವರನ್ನು ನಾಯಕನು ಅಲ್ಲಿ ಕಂಡುಕೊಳ್ಳುತ್ತಾನೆ. ಪ್ರೇಕ್ಷಕನಿಗೆ ಮಾತ್ರ ಆ ಸಂಗೀತ ಪರಿಚಿತ. ಆತ ಬೆಳೆದ ಕ್ಯಾನ್ಸಸ್‌ನ ಸ್ಮಾಲ್‌ವಿಲ್ ಊರಿಗೆ ವಿಲಿಯಮ್ಸ್ ಇದಕ್ಕೆ ತದ್ವಿರುದ್ಧವಾದ, ಅಮೆರಿಕದ ಗ್ರಾಮಜೀವನವನ್ನು ನೆನಪಿಸುವ ವಿಶಾಲವಾದ ತಂತಿವಾದ್ಯಗಳ ಸಂಗೀತವನ್ನು ಬರೆದರು. 'ಸೂಪರ್‌ಮ್ಯಾನ್ ರಿಟರ್ನ್ಸ್' (2006) ಚಿತ್ರದಲ್ಲಿ ಜಾನ್ ಆಟ್‌ಮನ್ ವಿಲಿಯಮ್ಸ್‌ರ ಧಾಟಿಗಳನ್ನೇ ಮರುಬಳಕೆ ಮಾಡಿದರು. 'ಮ್ಯಾನ್ ಆಫ್ ಸ್ಟೀಲ್' (2013) ಚಿತ್ರಕ್ಕೆ ಹಾನ್ಸ್ ಜಿಮ್ಮರ್ ಅವುಗಳನ್ನು ಬಿಟ್ಟು ಹೊಸದಾಗಿ ಆರಂಭಿಸಿದರು.

ಆಸ್‌ಗಾರ್ಡ್ ಮತ್ತು ಥೆಮಿಸ್ಕಿರಾ

ಆಸ್‌ಗಾರ್ಡ್‌ಗೆ ಇಂತಹ ಅದೃಷ್ಟ ಒದಗಲಿಲ್ಲ. 'ಥಾರ್' (2011) ಚಿತ್ರಕ್ಕೆ ಪ್ಯಾಟ್ರಿಕ್ ಡಾಯ್ಲ್, 2013ರ ಮುಂದಿನ ಭಾಗಕ್ಕೆ ಬ್ರಯಾನ್ ಟೈಲರ್, 'ಥಾರ್: ರ್‍ಯಾಗ್ನರಾಕ್' (2017) ಚಿತ್ರಕ್ಕೆ ಮಾರ್ಕ್ ಮದರ್ಸ್‌ಬಾ ಸಂಗೀತ ನೀಡಿದ್ದರಿಂದ ಒಂದೇ ರಾಜ್ಯವು ಮೂರು ಬೇರೆ ಬೇರೆ ಕೈಗಳನ್ನು ಕಂಡಿತು. ಮೂರನೆಯ ಚಿತ್ರದಲ್ಲಿ ಕಿವಿಯಲ್ಲಿ ಉಳಿಯುವುದು ಆಸ್‌ಗಾರ್ಡ್‌ಗಿಂತ ಕಸದ ಗ್ರಹವಾದ ಸಕಾರ್‌ನ ಸಿಂಥಸೈಜರ್ ನಾದ. ಅಮೆಜಾನ್ ಸ್ತ್ರೀಯರ ದ್ವೀಪವಾದ ಥೆಮಿಸ್ಕಿರಾಕ್ಕೆ 'ವಂಡರ್ ವುಮನ್' (2017) ಚಿತ್ರದಲ್ಲಿ ರೂಪರ್ಟ್ ಗ್ರೆಗ್ಸನ್ ವಿಲಿಯಮ್ಸ್ ಮತ್ತು 2020ರ ಮುಂದುವರಿದ ಭಾಗದಲ್ಲಿ ಜಿಮ್ಮರ್ ಸಂಗೀತ ರಚಿಸಿದ್ದಾರೆ.

ವಕಾಂಡ

ಮಾರ್ವೆಲ್‌ನ 'ಬ್ಲ್ಯಾಕ್ ಪ್ಯಾಂಥರ್' (2018) ಚಿತ್ರದ ವಕಾಂಡವು ವಸಾಹತುಶಾಹಿಗೆ ಎಂದೂ ಒಳಗಾಗದ ಕಾಲ್ಪನಿಕ ಆಫ್ರಿಕನ್ ರಾಜ್ಯ. ಹಾಲಿವುಡ್ ಬಹುಕಾಲ ಆಫ್ರಿಕಾವನ್ನು ಕಾಡು ಮತ್ತು ಗುರುತಿಲ್ಲದ ಡೋಲಿನ ಸದ್ದುಗಳ ಮೂಲಕವೇ ತೋರಿಸುತ್ತಾ ಬಂದಿದ್ದರಿಂದ, ಈ ನಾಡಿನ ಸಂಗೀತ ಹೇಗಿರಬೇಕೆಂಬುದು ಕೇವಲ ಅಲಂಕಾರದ ಪ್ರಶ್ನೆಯಾಗಿರಲಿಲ್ಲ. ನಿರ್ದೇಶಕ ರಯಾನ್ ಕೂಗ್ಲರ್ ಈ ಕೆಲಸವನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತನ್ನ ಸಹಪಾಠಿಯಾಗಿದ್ದ ಸ್ವೀಡನ್ನಿನ ಲುಡ್ವಿಗ್ ಗೊರಾನ್ಸನ್‌ಗೆ ಒಪ್ಪಿಸಿದರು.

ಗೊರಾನ್ಸನ್ ಸೆನೆಗಲ್‌ಗೆ ತೆರಳಿ ಗಾಯಕ ಬಾಬಾ ಮಾಲ್ ಅವರ ಸಂಗೀತ ಪ್ರವಾಸದಲ್ಲಿ ಜೊತೆಗೂಡಿದರು. ಬಳಿಕ ದಕ್ಷಿಣ ಆಫ್ರಿಕಾದ ಅಂತರರಾಷ್ಟ್ರೀಯ ಆಫ್ರಿಕನ್ ಸಂಗೀತ ಗ್ರಂಥಾಲಯದಲ್ಲಿ ಧ್ವನಿಮುದ್ರಣಗಳನ್ನೂ ವಾದ್ಯಗಳನ್ನೂ ಅಭ್ಯಸಿಸಿದರು. ಈ ಸಂಗ್ರಹಾಲಯವನ್ನು 1954ರಲ್ಲಿ ಸ್ಥಾಪಿಸಿದವರು ಇಂಗ್ಲೆಂಡಿನಲ್ಲಿ ಹುಟ್ಟಿದ ಹ್ಯೂ ಟ್ರೇಸಿ. ಅದರ ಹಳೆಯ ಮುದ್ರಣಗಳಲ್ಲಿ ಬಹಳಷ್ಟು ವಸಾಹತು ಆಡಳಿತದ ಕಾಲದವು. ವಸಾಹತುವಾಗದ ನಾಡಿನ ಧ್ವನಿಗೆ ನೆರವಾದ ಭಂಡಾರದ ಮೂಲ ಇಂತಹುದು ಎಂಬುದು ಗಮನಾರ್ಹ.

ಚಿತ್ರದಲ್ಲಿ ವಿಮಾನವು ವಕಾಂಡವನ್ನು ಪ್ರವೇಶಿಸುವಾಗ ಮೊದಲು ಕೇಳುವುದು ಬಾಬಾ ಮಾಲ್ ಅವರ ಏರುದನಿ. ಅವರು ಹಾಡುವುದು ಸತ್ತ ಆನೆಯೊಂದರ ಕುರಿತು. ತಂದೆಯನ್ನು ಕಳೆದುಕೊಂಡು ಪಟ್ಟವೇರಲು ಬರುತ್ತಿರುವ ಟಿ'ಚಲ್ಲಾನ ಸ್ಥಿತಿಗೆ ಅದು ಹೊಂದುತ್ತದೆ. ಆ ಭಾಷೆ ತಿಳಿಯದ ಪ್ರೇಕ್ಷಕರಿಗೆ ದೃಶ್ಯವು ಸಂಭ್ರಮದ್ದಾಗಿಯೇ ಕಾಣುವುದು ಸಹಜ. ಗಾಯನದ ಹಿಂದೆ ತಾಳವಾದ್ಯಗಳು, ಅನಂತರ ಪೂರ್ಣ ವಾದ್ಯವೃಂದ ಸೇರಿಕೊಳ್ಳುತ್ತವೆ.

ರಾಜನ ಧಾಟಿಗೆ ಆಧಾರವಾಗಿರುವುದು 'ಮಾತನಾಡುವ ಡೋಲು' ಎನಿಸಿಕೊಂಡ ತಮಾ. ಇದು ಡಮರುವಿನಂತೆ ನಡು ಸಣ್ಣದಾದ ವಾದ್ಯ. ಕಂಕುಳಲ್ಲಿಟ್ಟು ಹುರಿಗಳನ್ನು ಒತ್ತಿದಾಗ ಚರ್ಮ ಬಿಗಿಯಾಗಿ ಶ್ರುತಿ ಏರುತ್ತದೆ, ಸಡಿಲಿಸಿದಾಗ ಇಳಿಯುತ್ತದೆ. ಆದ್ದರಿಂದ ನುಡಿಯ ಏರಿಳಿತವನ್ನು ಅದರಲ್ಲಿ ಅನುಕರಿಸಬಹುದು. ಸೆನೆಗಲ್‌ನ ವಾದಕ ಮಸ್ಸಂಬಾ ಡಿಯೋಪ್ ಅದರಲ್ಲಿ ಟಿ'ಚಲ್ಲಾ ಎಂಬ ಹೆಸರನ್ನೇ ನುಡಿಸಿದ್ದಾರೆ. ಎದುರಾಳಿ ಕಿಲ್‌ಮಾಂಗರ್‌ಗೆ ಫುಲಾ ಜನರ ಕೊಳಲು ಮತ್ತು ಹಿಪ್‌ಹಾಪ್‌ನ ಭಾರವಾದ ಮಂದ್ರ ಲಯವನ್ನು ಕೂಡಿಸಲಾಗಿದೆ. ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಬೆಳೆದು, ತಂದೆಯ ನಾಡಿನಿಂದ ದೂರ ಉಳಿದ ಪಾತ್ರದ ಇಬ್ಬಂದಿತನ ಇಲ್ಲಿ ವಾದ್ಯಗಳ ಆಯ್ಕೆಯಲ್ಲಿಯೇ ವ್ಯಕ್ತವಾಗಿದೆ.

ಈ ಸಂಗೀತಕ್ಕೆ 2019ರಲ್ಲಿ ಅತ್ಯುತ್ತಮ ಮೂಲ ಸಂಗೀತದ ಆಸ್ಕರ್ ಪ್ರಶಸ್ತಿ ಲಭಿಸಿತು. ಆದರೆ ಆಕ್ಷೇಪಕ್ಕೂ ಅವಕಾಶವಿದೆ. ವಕಾಂಡವನ್ನು ಪೂರ್ವ ಆಫ್ರಿಕಾದಲ್ಲಿ ಕಲ್ಪಿಸಲಾಗಿದ್ದು, ಪಾತ್ರಗಳು ದಕ್ಷಿಣ ಆಫ್ರಿಕಾದ ಷೋಸಾ ಭಾಷೆಯನ್ನಾಡುತ್ತವೆ. ಮುಖ್ಯ ವಾದ್ಯಗಳು ಪಶ್ಚಿಮ ಆಫ್ರಿಕಾದವು. ಕಾಲ್ಪನಿಕ ರಾಜ್ಯಕ್ಕೆ ಇಡೀ ಖಂಡದಿಂದ ಆಯ್ದುಕೊಳ್ಳುವ ಸ್ವಾತಂತ್ರ್ಯವಿದೆ ಎನ್ನಬಹುದಾದರೂ, ಆಫ್ರಿಕಾವೆಂದರೆ ಒಂದೇ ನಾಡು ಎಂಬ ಹಳೆಯ ತಪ್ಪುಕಲ್ಪನೆಗೆ ಇದು ಹತ್ತಿರ ಬರುತ್ತದೆ. ಪ್ರತಿಯೊಂದು ವಾದ್ಯಕ್ಕೂ ನಿರ್ದಿಷ್ಟ ಊರು, ಜನಾಂಗ ಮತ್ತು ವಾದಕ ಇರುವುದು ಹಿಂದಿನ ಚಿತ್ರಗಳಿಗೂ ಇದಕ್ಕೂ ಇರುವ ವ್ಯತ್ಯಾಸ.

ಮುಂದಿನ ಬಳಕೆ

ಅದೇ ವರ್ಷ ತೆರೆಕಂಡ 'ಅವೆಂಜರ್ಸ್: ಇನ್ಫಿನಿಟಿ ವಾರ್' ಚಿತ್ರಕ್ಕೆ ಸಂಗೀತ ನೀಡಿದವರು ಅಲನ್ ಸಿಲ್ವೆಸ್ಟ್ರಿ. ಆದರೂ ವಕಾಂಡ ಕಾಣಿಸಿಕೊಳ್ಳುವಾಗ ಗೊರಾನ್ಸನ್‌ರ ಧಾಟಿಯನ್ನೇ ಬಳಸಲಾಗಿದೆ. 'ಬ್ಲ್ಯಾಕ್ ಪ್ಯಾಂಥರ್: ವಕಾಂಡ ಫಾರೆವರ್' (2022) ಚಿತ್ರದಲ್ಲಿ ಗೊರಾನ್ಸನ್ ಮಾಯಾ ಸಂಸ್ಕೃತಿಯಿಂದ ಪ್ರೇರಿತವಾದ ತಲೋಕನ್ ಎಂಬ ಜಲರಾಜ್ಯಕ್ಕೂ ಧ್ವನಿ ರೂಪಿಸಬೇಕಾಯಿತು. ಸೆನೆಗಲ್‌ನಲ್ಲಿದ್ದಂತೆ ಇಲ್ಲಿ ಅನೂಚಾನವಾಗಿ ಬಂದ ಪರಂಪರೆಯನ್ನು ಕೇಳಿ ಕಲಿಯುವ ಅನುಕೂಲವಿರಲಿಲ್ಲ. ಸ್ಪೇನಿನ ಆಕ್ರಮಣಕ್ಕೆ ಮುಂಚಿನ ಮಾಯಾ ಸಂಗೀತ ಹೇಗಿತ್ತೆಂಬುದಕ್ಕೆ ಉತ್ಖನನದಲ್ಲಿ ದೊರೆತ ವಾದ್ಯಗಳು ಮತ್ತು ಚಿತ್ರಗಳೇ ಮುಖ್ಯ ಆಧಾರ. ಮೆಕ್ಸಿಕೊದಲ್ಲಿ ಸಂಗೀತ ಪುರಾತತ್ವಜ್ಞರ ನೆರವಿನಿಂದ ಶಂಖ, ಮಣ್ಣಿನ ಕೊಳಲು ಮತ್ತು ಆಮೆಚಿಪ್ಪಿನಂತಹ ವಾದ್ಯಗಳನ್ನು ಬಳಸಿ ಆ ರಾಜ್ಯದ ಸಂಗೀತವನ್ನು ಕಟ್ಟಲಾಯಿತು.